ಜಂಕ್ಷನ್ ಮತ್ತು ಯೋಗ

ಪ್ರಶ್ನೆ: ‘ಜಂಕ್ಷನ್’ ಎಂಬ ಇಂಗ್ಲಿಷ್ ಪದ ಸಂಸ್ಕೃತದ ‘ಯೋಗ’ದಿಂದ ಹುಟ್ಟಿತೆಂದು ಕೆಲವರು ಹೇಳುತ್ತಾರೆ. ಇದು ನಿಜವೇ? ನಮ್ಮ ಬೀರೂರಿನಲ್ಲಿ ರೈಲುದಾರಿ ಬೇರೆಯಾಗುತ್ತದೆ. ಆದರೂ ಆ ನಿಲ್ದಾಣಕ್ಕೆ ಕೂಡುವ ಅರ್ಥದ ಹೆಸರೇಕೆ?

ಉತ್ತರ: ನಂಟು ನಿಜ, ಹುಟ್ಟಿನ ಮಾತು ನಿಜವಲ್ಲ. ಕೂಡಿಸು ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಯುಂಗೆರೆ’. ಅದರಿಂದಾದ ‘ಯುಂಕ್ಟಿಯೊ’ ಎಂಬ ನಾಮಪದವೇ ಇಂಗ್ಲಿಷಿನಲ್ಲಿ ಜಂಕ್ಷನ್ ಆಯಿತು. ಅದೇ ಕ್ರಿಯಾಪದ ಹಳೆಯ ಫ್ರೆಂಚನ್ನು ಹಾದು ‘ಜಾಯಿನ್’, ‘ಜಾಯಿಂಟ್’ಗಳಾಗಿ ಬಂದಿತು. ಸಂಸ್ಕೃತದಲ್ಲಿ ಇದಕ್ಕೆ ಸರಿಹೊಂದುವುದು ‘ಯುಜ್’ ಧಾತು. ಯೋಗ, ಯುಕ್ತ, ಯುಗ್ಮ, ಸಂಯೋಗಗಳೆಲ್ಲ ಅದರ ಸಂತಾನ. ಆದರೆ ಲ್ಯಾಟಿನ್ ಪದ ಸಂಸ್ಕೃತದ ಮಗಳಲ್ಲ, ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಬೇರೆಯಾಗಿ ಇಳಿದು ಬಂದ ತಂಗಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಹೋಲಿಕೆ ಆಕಸ್ಮಿಕವಾಗಿರಲಾರದು, ಅವು ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ 1786ರಲ್ಲೇ ಹೇಳಿದ್ದರೂ, ಇಂಗ್ಲಿಷಿನ ಪ್ರತಿಯೊಂದು ಪದಕ್ಕೂ ಸಂಸ್ಕೃತದ ತಾಯಿಯನ್ನು ಹುಡುಕುವ ಉತ್ಸಾಹ ನಮ್ಮಲ್ಲಿ ಇನ್ನೂ ತಗ್ಗಿಲ್ಲ.

ಈ ಕುಟುಂಬದ ಹಳೆಯ ನೆಲೆ ಎತ್ತಿನ ಹೆಗಲು. ಲ್ಯಾಟಿನ್ನಿನ ‘ಯುಗುಮ್’, ಇಂಗ್ಲಿಷಿನ ‘ಯೋಕ್’, ಸಂಸ್ಕೃತದ ‘ಯುಗ’ ಈ ಮೂರಕ್ಕೂ ನೊಗವೆಂಬ ಅರ್ಥವಿದೆ. ಯುಗವೆಂದರೆ ಕಾಲಮಾನವೆಂದಷ್ಟೇ ತಿಳಿದವರು ಋಗ್ವೇದದ ಹತ್ತನೆಯ ಮಂಡಲದ 101ನೆಯ ಸೂಕ್ತವನ್ನು ನೋಡಬಹುದು: ನೇಗಿಲು ಹೂಡಿ, ನೊಗಗಳನ್ನು ಹರಡಿ, ಬೀಜ ಬಿತ್ತಿರೆಂದು ಹೇಳುವ ಆ ಮಂತ್ರದಲ್ಲಿ ಹೂಡುವುದಕ್ಕೆ ಯುಜ್ ಧಾತುವೂ ನೊಗಕ್ಕೆ ಯುಗ ಶಬ್ದವೂ ಒಟ್ಟಿಗೇ ಬರುತ್ತವೆ. ದಾಂಪತ್ಯಕ್ಕೆ ಸಂಬಂಧಿಸಿದ ‘ಕಾಂಜುಗಲ್’ ಕೂಡ ಇದೇ ಬಳಗದ್ದು.

ಲ್ಯಾಟಿನ್ನಿನ ಯಕಾರ ಮುಂದೆ ಜಕಾರವಾದದ್ದು ಕನ್ನಡಿಗರಿಗೆ ವಿಚಿತ್ರವೆನಿಸಬೇಕಿಲ್ಲ. ಯಾತ್ರೆ ಜಾತ್ರೆಯಾದದ್ದನ್ನೂ ಯೋಗಿ ಜೋಗಿಯಾದದ್ದನ್ನೂ ಯೌವನ ಜವ್ವನವಾದದ್ದನ್ನೂ ತತ್ಸಮ-ತದ್ಭವಗಳ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಎರಡೂ ಕಡೆ ಈ ಬದಲಾವಣೆ ಸ್ವತಂತ್ರವಾಗಿ ನಡೆಯಿತೆಂಬುದನ್ನು ಮಾತ್ರ ಮರೆಯಬಾರದು.

ಇನ್ನು ಬೀರೂರಿನ ಮಾತು. ಇಂಗ್ಲಿಷಿನಲ್ಲಿ ಈ ಪದ ಮೊದಲು ಕೂಡುವ ಕ್ರಿಯೆಯನ್ನು ಸೂಚಿಸುತ್ತಿತ್ತು. 1793ರಲ್ಲಿ ಶಾಸನದ ಅನುಮತಿ ಪಡೆದ ಇಂಗ್ಲೆಂಡಿನ ಗ್ರ್ಯಾಂಡ್ ಜಂಕ್ಷನ್ ಕಾಲುವೆಯ ಹೆಸರಿನಲ್ಲಿ ಅದು ಜಲಮಾರ್ಗಕ್ಕೆ ಸೇರಿತ್ತು. 19ನೆಯ ಶತಮಾನದಲ್ಲಿ ರೈಲುಮಾರ್ಗಗಳು ಸೇರುವ ಸ್ಥಳಕ್ಕೆ ಅದು ಸಾಮಾನ್ಯ ಹೆಸರಾಯಿತು. ಬೆಂಗಳೂರಿನಿಂದ ಬಂದು ಶಿವಮೊಗ್ಗಕ್ಕೆ ತಿರುಗುವವರಿಗೆ ಬೀರೂರು ಕವಲು. ಶಿವಮೊಗ್ಗದಿಂದ ಬರುವವರಿಗೆ ಅದೇ ಕೂಡುದಾರಿ. ಕನ್ನಡದ ಈ ಎರಡು ಪದಗಳು ಪ್ರಯಾಣಿಕ ಬರುವ ದಿಕ್ಕನ್ನು ಗಮನಿಸಿದರೆ, ಜಂಕ್ಷನ್ ಹಳಿಗಳು ಸೇರಿರುವುದನ್ನಷ್ಟೇ ಗಮನಿಸುತ್ತದೆ.