ಶಾಲೆಯ ಪ್ರತಿ ಕೋಣೆಗೂ ಡಿಜಿಟಲ್ ವಾಕಿ-ಟಾಕಿ ಮುಟ್ಟುತ್ತಾ, ಹೇಗೆ ನೋಡುವುದು?

ತುರ್ತು ಹೊತ್ತಿಗೆ ಬೇಕಂತ ವಿಜಯಪುರದ ನಿಮ್ಮ ಶಾಲೆಗೆ ಡಿಜಿಟಲ್ ವಾಕಿ-ಟಾಕಿ ತರುತ್ತಿದ್ದೀರಿ, ಎಲ್ಲ ಕೋಣೆಗೂ ದನಿ ಮುಟ್ಟುತ್ತದೆ ಅಂತ ನಂಬುವುದು ಹೇಗೆ ಎಂದು ಕೇಳಿದ್ದೀರಿ. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲಕ್ಕೆ ಮುಂಚೆ ನಾವೂ ಇದೇ ಕೆಲಸ ಮಾಡಿದೆವು.

ಡಬ್ಬಿ ಮೇಲಿನ ಕಿಲೋಮೀಟರ್ ಲೆಕ್ಕ ಬಿಟ್ಟುಬಿಡಿ. ಅದು ಬಯಲಿನ ಲೆಕ್ಕ. ನಮ್ಮದು ದಪ್ಪ ಕಲ್ಲುಗೋಡೆಯ ಹಳೇ ಕಟ್ಟಡ, ಪಕ್ಕದಲ್ಲೇ ಹೊಸ ಆರ್‌ಸಿಸಿ ಬ್ಲಾಕ್. ಕಾರಿಡಾರ್‌ನಲ್ಲಿ ದನಿ ಚೆನ್ನಾಗಿ ಬರುತ್ತಿತ್ತು. ನೆಲಮಾಳಿಗೆಯ ಸ್ಟೋರ್ ರೂಮಿಗೆ ಹೋಗಿ ಕಬ್ಬಿಣದ ಬಾಗಿಲು ಹಾಕಿದ ಕೂಡಲೇ ಏನೂ ಇಲ್ಲ.

ಹಳೇ ಅನಲಾಗ್ ಸೆಟ್‌ನಲ್ಲಿ ಸಿಗ್ನಲ್ ಕುಗ್ಗಿದರೆ ಮೊದಲು ಗರಗರ ಶುರುವಾಗುತ್ತದೆ, ನಮಗೆ ಗೊತ್ತಾಗುತ್ತದೆ. ಡಿಜಿಟಲ್‌ನಲ್ಲಿ ಸಣ್ಣಪುಟ್ಟ ತಪ್ಪನ್ನು ಸೆಟ್ಟೇ ತಿದ್ದಿಕೊಳ್ಳುತ್ತದೆ. ತಪ್ಪು ಜಾಸ್ತಿಯಾದರೆ ದನಿ ತುಂಡುತುಂಡಾಗಿ ಒಮ್ಮೆಲೇ ನಿಂತುಬಿಡುತ್ತದೆ. ಒಳಗಿದ್ದವರಿಗೆ ಯಾರೋ ಕರೆಯುತ್ತಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ. ಒಳಗೆ ಮಕ್ಕಳಿದ್ದರೆ? ನನಗೆ ಭಯ ಹುಟ್ಟಿಸಿದ್ದು ಇದೇ.

ಹಾಗಾಗಿ ಪ್ರತಿ ಮಹಡಿಯ ನಕ್ಷೆಯಲ್ಲಿ 20 ಚೌಕ ಎಳೆಯಿರಿ. ಅಮೆರಿಕದ ಫೈರ್ ಕೋಡ್‌ನಲ್ಲೂ ಹೀಗೇ ಮಾಡುತ್ತಾರೆ. ಒಂದೊಂದು ಚೌಕದಲ್ಲೂ ಒಬ್ಬರು ಬಾಗಿಲು ಮುಚ್ಚಿಕೊಂಡು, ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಲ್ಲಲಿ. ನಮ್ಮ ಮೈ ಕೂಡ ಸಿಗ್ನಲ್ ತಡೆಯುತ್ತದೆ. ಸುಮ್ನೆ 'ಹಲೋ, ಕೇಳ್ತಿದೆಯಾ' ಅನ್ನಬೇಡಿ. ಹಲೋ ಅಂತಾರೆ ಅಂತ ಮೊದಲೇ ಗೊತ್ತಿರುತ್ತದೆ ಅಲ್ವಾ, ಅರ್ಧ ಕೇಳಿಸಿದರೂ ಪೂರ್ತಿ ಕೇಳಿಸಿದ ಹಾಗೆ ಅನಿಸುತ್ತದೆ. 'ಎರಡನೇ ಮಹಡಿ, 14ನೇ ಕೋಣೆ, ಹಿಂದಿನ ಮೆಟ್ಟಿಲಿನಿಂದ ಇಳಿಯಿರಿ' ಅಂತ ಪ್ರತಿಸಲ ಬೇರೆ ಮಾತು ಹೇಳಿ. ಕೇಳಿದವರು ಬರೆದುಕೊಳ್ಳಲಿ, ಆಮೇಲೆ ತಾಳೆ ನೋಡಿ. ಅಲ್ಲಿಂದ ವಾಪಸ್ಸೂ ಮಾತಾಡಿಸಿ, ಎಷ್ಟೋ ಸಲ ಒಂದು ಕಡೆಯಿಂದ ಮಾತ್ರ ಕೇಳಿಸುತ್ತದೆ. ಇದನ್ನೆಲ್ಲ ರಜೆ ದಿನ ಮಾಡಬೇಡಿ. ಮಕ್ಕಳ ಗದ್ದಲದ ನಡುವೆ ಕೇಳಿಸಬೇಕು.

ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯ ಅರ್ಧ ವಾಟ್ ಸೆಟ್‌ಗಳಿಗೆ 2018ರಿಂದ ಲೈಸೆನ್ಸ್ ಬೇಡ. ಅದಕ್ಕಿಂತ ಜಾಸ್ತಿ ಪವರ್‌ನ ಸೆಟ್ ಅಥವಾ ರಿಪೀಟರ್ (ಸಿಗ್ನಲ್ ಹಿಡಿದು ಜೋರಾಗಿಸಿ ಮತ್ತೆ ಕಳಿಸುವ ಯಂತ್ರ) ಬೇಕೆಂದರೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಪಡೆಯಬೇಕು. ರಿಪೀಟರ್ ಹಾಕಿದರೆ ಅದಕ್ಕೆ ಬ್ಯಾಟರಿ ಇರಲೇಬೇಕು, ಬೆಂಕಿ ಬಿದ್ದಾಗ ಮೊದಲು ಹೋಗುವುದು ಕರೆಂಟ್. ಅದನ್ನೂ ಮೇನ್ ಸ್ವಿಚ್ ಆಫ್ ಮಾಡಿಯೇ ಪರೀಕ್ಷಿಸಿ.

ನಮ್ಮ ಸ್ಟೋರ್ ರೂಮಿಗೆ ಕೊನೆಗೆ ತಂತಿ ಎಳೆದು ಬೆಲ್ ಹಾಕಿಸಿದೆವು. ಉಳಿದ ಕಡೆ ಒಂದು ನಿಯಮ ಮಾಡಿದೆವು. ಸೂಚನೆ ಕೇಳಿದ ಪ್ರತಿ ಮಹಡಿಯವರೂ ತಿರುಗಿ ಉತ್ತರ ಕೊಡಬೇಕು. ಉತ್ತರ ಬರದ ಮಹಡಿಗೆ ತಕ್ಷಣ ಒಬ್ಬರು ಓಡುತ್ತಾರೆ.