ಮಡಿಕೆಯ ಗೆರೆಯನ್ನು ಮುಟ್ಟಿ ನೋಡಿ

1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ನಡೆದ ‘ರಾಕ್ ಅಗೇನ್ಸ್ಟ್ ರೇಸಿಸಂ’ (ಜನಾಂಗದ್ವೇಷದ ವಿರುದ್ಧದ ಸಂಗೀತ ಚಳವಳಿ) ಕಾರ್ನಿವಲ್‌ನ, ನಿಮ್ಮ ಬಳಿಯಿರುವ ಪೋಸ್ಟರ್ ಅಸಲಿಯೋ ಮರುಮುದ್ರಣವೋ ಎಂದು ಕೇಳಿದ್ದೀರಿ. ಫೋಟೊ ನೋಡಿ ತೀರ್ಪು ಕೊಡಲಾರೆ, ಆದರೆ ನೀವೇ ಪರೀಕ್ಷಿಸಬಹುದು.

ಮೊದಲು ಮಡಿಕೆಯ ಗೆರೆ, ಪಿನ್ನಿನ ತೂತುಗಳನ್ನು ಬೆರಳಿನಿಂದ ಮೆಲ್ಲಗೆ ಸವರಿ. ಕಣ್ಣಿಗೆ ಕಾಣುವ ಮಡಿಕೆ ಕೈಗೆ ಸಿಗದಿದ್ದರೆ, ಅದು ಹಳೆಯ ಪ್ರತಿಯೊಂದರ ನಕಲು. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ಜಾಲರಿಯ ಮೂಲಕ ಬಣ್ಣ ಒತ್ತುವ ಸ್ಕ್ರೀನ್ ಪ್ರಿಂಟ್‌ನಲ್ಲಿ ಬಣ್ಣ ದಟ್ಟವಾಗಿ, ಒಂದೇ ಸಮನಾಗಿ ಕುಳಿತಿರುತ್ತದೆ. ಯಂತ್ರದ ಆಫ್‌ಸೆಟ್ ಮುದ್ರಣದಲ್ಲಿ ಛಾಯಾಚಿತ್ರದ ಭಾಗಗಳು ಸಾಲುಸಾಲು ಚುಕ್ಕಿಗಳಾಗಿ ಕಾಣುತ್ತವೆ. ಅಕ್ಷರಗಳ ಅಂಚಿನಲ್ಲೂ ಬಣ್ಣಬಣ್ಣದ ತುಂತುರು ಚದುರಿದ್ದರೆ ಅದು ಇಂಕ್‌ಜೆಟ್ ಪ್ರಿಂಟರಿನ ಕೆಲಸ, ಅಂದರೆ ಈಚಿನ ಮರುಮುದ್ರಣ. ನೇರಳಾತೀತ ದೀಪದಲ್ಲಿ ಹೊಳೆದರೆ ಹೊಸ ಕಾಗದ ಎನ್ನುವ ಪರೀಕ್ಷೆಯೊಂದನ್ನೇ ನಂಬಬೇಡಿ: 1978ರ ಹೊತ್ತಿಗಾಗಲೇ ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕಗಳು ಬಳಕೆಯಲ್ಲಿದ್ದವು, ಅಸಲಿಯೂ ಹೊಳೆಯಬಹುದು.

ಅಸಲಿಯೆಂದು ಖಚಿತವಾದರೆ, ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ತೂತುಗಳನ್ನು ಮುಚ್ಚಿಸಬೇಡಿ. ಆ ದಿನ ಜನ ಟ್ರಫಾಲ್ಗರ್ ಚೌಕದಿಂದ ಮೆರವಣಿಗೆಯಲ್ಲಿ ನಡೆದುಬಂದು ದಿ ಕ್ಲ್ಯಾಶ್, ಸ್ಟೀಲ್ ಪಲ್ಸ್ ತಂಡಗಳ ಹಾಡು ಕೇಳಿದರು. ಯಾರೋ ಜನಾಂಗದ್ವೇಷದ ವಿರುದ್ಧ ಗೋಡೆಗೆ ಚುಚ್ಚಿದ ಆ ಪಿನ್ನಿನ ಗುರುತು ನನಗಂತೂ ನುಣುಪಾದ ಪ್ರತಿಗಿಂತ ದೊಡ್ಡದು. ಆಮ್ಲರಹಿತ ಹಾಳೆಗಳ ನಡುವೆ ಮಟ್ಟಸವಾಗಿ ಮಲಗಿಸಿ, ಬಿಸಿಲಿನಿಂದ ದೂರವಿಡಿ.