ಕೋಡ್ ಬರೆಯಲು ಯಾವ ಫಾಂಟ್ ಸೂಕ್ತ?

ಎಡಿಟರಿನಲ್ಲಿ ಸಣ್ಣ ಎಲ್ ಮತ್ತು 1, ದೊಡ್ಡ ಓ ಮತ್ತು 0 ಒಂದೇ ರೀತಿ ಕಾಣುತ್ತವೆ, ಕೋಡಿನ ನಡುವೆ ಕನ್ನಡವೂ ಬರುತ್ತದೆ, ಹೀಗಿರುವಾಗ ಯಾವ ಫಾಂಟ್ ಬಳಸಬೇಕು ಎಂದು ಕೇಳಿದ್ದೀರಿ. ನಾನು ದಿನವಿಡೀ ಬಳಸುವುದು ಸೋರ್ಸ್ ಕೋಡ್ ಪ್ರೊ. ನಿಮಗೂ ಅದನ್ನೇ ಸೂಚಿಸುತ್ತೇನೆ.

ಅಡೋಬಿ ಸಂಸ್ಥೆಗಾಗಿ ಪಾಲ್ ಹಂಟ್ ಅವರು ಸೋರ್ಸ್ ಸಾನ್ಸ್ ಎಂಬ ಫಾಂಟನ್ನು ಆಧರಿಸಿ ರೂಪಿಸಿದ ಇದು 2012ರಲ್ಲಿ ಬಿಡುಗಡೆಯಾಯಿತು. ಮುಕ್ತ ಪರವಾನಗಿ ಇರುವುದರಿಂದ ಕಚೇರಿಯ ಕೆಲಸಕ್ಕೂ ಹಣ ಕೊಡಬೇಕಾಗಿಲ್ಲ.

ಇದರಲ್ಲಿ ಪ್ರತಿ ಅಕ್ಷರಕ್ಕೂ, ಫಾಂಟ್ ವಿನ್ಯಾಸಕ್ಕೆ ಅಳತೆಯಾಗಿ ಬಳಸುವ 1000 ಯೂನಿಟ್‌ಗಳ ಚೌಕದಲ್ಲಿ, 600 ಯೂನಿಟ್ ಅಗಲ ನಿಗದಿಯಾಗಿದೆ. ಮೂರು ಕಾಲುಗಳ ಎಮ್ ಅಕ್ಷರವನ್ನು ಅಷ್ಟರೊಳಗೆ ಒತ್ತಿ ಕೂರಿಸಬೇಕು. ಒಂದೇ ಗೆರೆಯ ಎಲ್ ಅಕ್ಷರದ ಸುತ್ತಲಾದರೋ ಜಾಗ ಖಾಲಿ ಬೀಳುತ್ತದೆ. ಆದ್ದರಿಂದ ಎಲ್‌ನ ನೆತ್ತಿಗೆ ಎಡಕ್ಕೊಂದು ಗೆರೆ ಎಳೆದು, ಬುಡವನ್ನು ಬಲಕ್ಕೆ ಬಾಗಿಸಿದ್ದಾರೆ. ದೊಡ್ಡ ಐ ಅಕ್ಷರಕ್ಕೆ ಮೇಲೆ ಕೆಳಗೆ ಅಡ್ಡಪಟ್ಟಿಗಳಿವೆ, ಸೊನ್ನೆಯ ನಡುವೆ ಚುಕ್ಕಿ ಇದೆ. ಜಾಗ ತುಂಬಲು ಹಾಕಿದ ಗೆರೆಗಳೇ ಅಕ್ಷರಗಳನ್ನು ಬೇರ್ಪಡಿಸಿ ತೋರಿಸುವ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆ. ಬೋಲ್ಡ್ ಮಾಡಿದರೂ ಅಗಲ ಬದಲಾಗುವುದಿಲ್ಲವಾದ್ದರಿಂದ, ಎಡಿಟರ್ ಕೆಲವು ಪದಗಳನ್ನು ದಪ್ಪವಾಗಿ ತೋರಿಸಿದಾಗಲೂ ಕೆಳಗಿನ ಸಾಲುಗಳ ಜೋಡಣೆ ಕದಲುವುದಿಲ್ಲ.

ಫಿರಾ ಕೋಡ್, ಜೆಟ್‌ಬ್ರೇನ್ಸ್ ಮೋನೊ ಫಾಂಟ್‌ಗಳು ಆಶ್ಚರ್ಯಸೂಚಕ ಮತ್ತು ಸಮ ಚಿಹ್ನೆಗಳನ್ನು ಬೆಸೆದು ಒಂದೇ ಚಿಹ್ನೆಯಾಗಿ ತೋರಿಸಬಲ್ಲವು. ಅವೂ ಉತ್ತಮ ಫಾಂಟ್‌ಗಳೇ. ಆದರೂ ಕಡತದಲ್ಲಿ ಎರಡು ಚಿಹ್ನೆಗಳಿರುವಾಗ ತೆರೆಯ ಮೇಲೂ ಎರಡೇ ಕಾಣಬೇಕು ಎಂಬುದು ನನ್ನ ನಿಲುವು. ಕಲಿಯುತ್ತಿರುವವರಿಗಂತೂ ಇದು ಮುಖ್ಯ.

ಇನ್ನು ಕನ್ನಡದ ವಿಷಯ. ಈ ಫಾಂಟಿನಲ್ಲಿ ಕನ್ನಡ ಲಿಪಿ ಇಲ್ಲ. ಎಡಿಟರ್ ಅದನ್ನು ಬೇರೊಂದು ಫಾಂಟಿನಿಂದ ಎರವಲು ಪಡೆಯುತ್ತದೆ. ‘ರಾಷ್ಟ್ರ’ ಎಂಬ ಪದ ಯೂನಿಕೋಡಿನಲ್ಲಿ ಏಳು ಸಂಕೇತಗಳ ಸಾಲು, ಕಣ್ಣಿಗೆ ಮಾತ್ರ ಎರಡೇ ಅಕ್ಷರ. ಅದನ್ನು ಏಳು ಸಮಾನ ಮನೆಗಳಲ್ಲಿ ಹಂಚಿದರೆ ಓದಲಾಗದು, ಎರಡರಲ್ಲಿ ತುರುಕಿದರೆ ಒತ್ತಕ್ಷರಗಳಿಗೆ ಉಸಿರಾಡಲು ಜಾಗವಿರದು. ಹೀಗಾಗಿ ಕನ್ನಡವಿರುವ ಸಾಲುಗಳಲ್ಲಿ ನೇರ ಕಂಬಸಾಲಿನ ಜೋಡಣೆಯನ್ನು ನಿರೀಕ್ಷಿಸಬೇಡಿ. ಸೆಟ್ಟಿಂಗ್ಸ್‌ನ ಫಾಂಟ್ ಪಟ್ಟಿಯಲ್ಲಿ ಸೋರ್ಸ್ ಕೋಡ್ ಪ್ರೊ ನಂತರ ಅಲ್ಪವಿರಾಮ ಹಾಕಿ ನೋಟೊ ಸಾನ್ಸ್ ಕನ್ನಡ ಎಂಬ ಕನ್ನಡ ಫಾಂಟಿನ ಹೆಸರು ಸೇರಿಸಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇರುವಂತೆ ಏರಿಸಿ; ಇಲ್ಲದಿದ್ದರೆ ಒತ್ತಕ್ಷರದ ಬುಡ ಕತ್ತರಿಸಿದಂತೆ ಕಾಣುವ ಸಾಧ್ಯತೆ ಇದೆ. ಬಳಕೆದಾರರಿಗೆ ತೋರಿಸುವ ಕನ್ನಡ ವಾಕ್ಯಗಳು ಹೆಚ್ಚಿದ್ದರೆ ಅವನ್ನು ಪ್ರತ್ಯೇಕ ಕಡತದಲ್ಲಿಡುವುದು ಒಳ್ಳೆಯದು. ತಿದ್ದುವವರು ಕೋಡನ್ನು ಮುಟ್ಟದೆ ಕನ್ನಡವನ್ನಷ್ಟೇ ತಿದ್ದಬಹುದು.